ತಂತಿಯೂ ಸರ್ಕಾರವೂ



ಮನೆಗೆ ತಂತಿ ಬಂದಿತೆಂದರೆ ಒಳಗಿದ್ದವರೆಲ್ಲ ಜಗುಲಿಗೆ ಬಂದು ನಿಲ್ಲುತ್ತಿದ್ದ ಕಾಲವು ಬಹುಮಂದಿ ಶ್ರೋತೃಗಳಿಗೆ ಇನ್ನೂ ನೆನಪಿರಬಹುದು. ಲಕೋಟೆಯನ್ನು ಒಡೆಯುವುದಕ್ಕೆ ಮೊದಲೇ ಹೆಂಗಸರಲ್ಲಿ ಯಾರಾದರೊಬ್ಬರು ಅಳುವುದಕ್ಕೆ ತೊಡಗುತ್ತಿದ್ದರು. ಇಂಗ್ಲಿಷು ಬಲ್ಲವರನ್ನು ಕರೆತರಲು ಹುಡುಗನೊಬ್ಬನು ಓಡುತ್ತಿದ್ದನು. ಊರಿನ ಪೋಸ್ಟ್‌ಮಾಸ್ಟರರೊಬ್ಬರಿಗೆ ಮಾತ್ರ ಅದರೊಳಗಿನ ಸಂಗತಿ ಮೊದಲೇ ತಿಳಿದಿರುತ್ತಿತ್ತು. ಯಾರ ಮನೆಯಲ್ಲಿ ಸಾವಾಯಿತು, ಯಾರ ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾದನು, ಯಾವ ವ್ಯಾಪಾರಿಯ ಸರಕು ಬೊಂಬಾಯಿಯಲ್ಲಿಯೇ ನಿಂತುಹೋಯಿತು, ಇವೆಲ್ಲವೂ ಅವರ ಕಿವಿಯನ್ನು ಹಾದೇ ಊರನ್ನು ಸೇರಬೇಕಾಗಿತ್ತು. ಆದರೂ ಅವರ ಬಾಯಿಂದ ಒಂದು ಮಾತಾದರೂ ಹೊರಡುತ್ತಿರಲಿಲ್ಲ. ಅದು ಅವರ ಸೌಜನ್ಯವೆಂದೇ ನಾವು ಚಿಕ್ಕಂದಿನಲ್ಲಿ ತಿಳಿದಿದ್ದೆವು. ಸೌಜನ್ಯವೂ ಇದ್ದಿತು, ಇಲ್ಲವೆನ್ನಲಾಗದು. ಆದರೆ ಅದರ ಬೆನ್ನಿಗೆ ಕಾನೂನೂ ಇದ್ದಿತು. ೧೮೮೫ನೆಯ ಇಸವಿಯ ಇಂಡಿಯನ್ ಟೆಲಿಗ್ರಾಫ್ ಶಾಸನದ ೨೬ನೆಯ ಪ್ರಕರಣದಂತೆ, ತಂತಿಯ ಇಲಾಖೆಯ ನೌಕರನು ಒಬ್ಬರ ಸಮಾಚಾರವನ್ನು ಅನ್ಯಾಯವಾಗಿ ತಡೆದರೆ, ಅಥವಾ ಅದನ್ನು ತಿಳಿಯಬಾರದವರಿಗೆ ತಿಳಿಸಿದರೆ, ಅವನಿಗೆ ಮೂರು ವರ್ಷದವರೆಗೆ ಸೆರೆಯಾಗಬಹುದಾಗಿತ್ತು.

ಅದೇ ಶಾಸನದ ೫ನೆಯ ಪ್ರಕರಣವನ್ನು ಓದಿದರೆ ಚಿತ್ರವು ತಿರುಗಿ ನಿಲ್ಲುತ್ತದೆ. ಸಾರ್ವಜನಿಕ ವಿಪತ್ತು ಒದಗಿದಾಗ, ಅಥವಾ ಸಾರ್ವಜನಿಕ ಕ್ಷೇಮಕ್ಕಾಗಿ, ಯಾರ ಸಮಾಚಾರವನ್ನಾದರೂ ತಡೆಹಿಡಿಯುವ, ಒಡೆದು ನೋಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಕೆಳಗಿನ ನೌಕರನ ಕಿವಿಗೆ ಶಿಕ್ಷೆ, ಮೇಲಿನ ಅಧಿಕಾರಿಯ ಕಿವಿಗೆ ಅಪ್ಪಣೆ! ಈ ಎರಡನೆಯ ಕಿವಿಯ ಮೇಲೆ ಕಾವಲಿರುವವರು ಯಾರು ಎಂಬುದೇ ಇಂದು ನಾವು ವಿಚಾರಮಾಡಬೇಕೆಂದಿರುವ ವಿಷಯ. ತಂತಿಯ ಸೇವೆಯು ೨೦೧೩ನೆಯ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ಮುಗಿದುಹೋಯಿತು. ಪ್ರಶ್ನೆ ಮುಗಿಯಲಿಲ್ಲ. ಅಂದು ತಿಂಗಳಿಗೊಂದು ತಂತಿ ಬರುತ್ತಿದ್ದ ಮನೆಯಲ್ಲಿ ಇಂದು ಆಳಿಗೊಂದು ಮೊಬೈಲು ಟೆಲಿಫೋನು ಇದೆ. ಹಣದ ಲೆಕ್ಕ, ರೋಗದ ವರದಿ, ಗಂಡಹೆಂಡಿರ ಮಾತು, ಮಕ್ಕಳ ಚಿತ್ರ, ಎಲ್ಲವೂ ಆ ಅಂಗೈಯಗಲದ ಯಂತ್ರದಲ್ಲಿಯೇ ಹೋಗಿಬರುತ್ತಿವೆ.

ಸರ್ಕಾರಕ್ಕೆ ತಂತಿಯ ಮೇಲೆ ಇಷ್ಟು ಮಮತೆ ಹುಟ್ಟಿದುದು ಹೇಗೆ ಎಂಬುದನ್ನು ಸ್ವಲ್ಪ ನೋಡೋಣ. ಓಶಾಘ್ನೆಸಿ ಎಂಬ ವೈದ್ಯನು ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಪರೀಕ್ಷಾರ್ಥವಾಗಿ ತಂತಿಯನ್ನು ಎಳೆಸಿದುದು ೧೮೫೦ರ ಆಸುಪಾಸಿನಲ್ಲಿ. ೧೮೫೫ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಎರಡೇ ವರ್ಷಗಳಲ್ಲಿ, ೧೮೫೭ರ ಮೇ ೧೧ರಂದು, ದಿಲ್ಲಿಯ ತಂತಿಯ ಕಚೇರಿಯಿಂದ ಅಂಬಾಲೆಗೆ ಹೋದ ಎಚ್ಚರಿಕೆಯ ಸುದ್ದಿಯು ಕಂಪನಿಯವರಿಗೆ ದೊಡ್ಡ ಉಪಕಾರವನ್ನು ಮಾಡಿತು. ಕುದುರೆಗಿಂತ ವೇಗವಾಗಿ ಓಡುವ ಸುದ್ದಿಯು ಯಾರ ಕೈಯಲ್ಲಿರುವುದೋ ರಾಜ್ಯವೂ ಅವರ ಕೈಯಲ್ಲಿ ಉಳಿಯುವುದೆಂಬ ಪಾಠವನ್ನು ಆಂಗ್ಲರು ಆಗ ಕಲಿತರು, ಮತ್ತೆ ಮರೆಯಲಿಲ್ಲ. ೧೮೮೫ರ ಶಾಸನದ ೪ನೆಯ ಪ್ರಕರಣವು ತಂತಿಯನ್ನು ಸ್ಥಾಪಿಸಿ ನಡೆಸುವ ಹಕ್ಕು ಸರ್ಕಾರಕ್ಕೆ ಮಾತ್ರ ಸೇರಿದುದೆಂದೂ, ಮಿಕ್ಕವರು ಲೈಸೆನ್ಸು ಪಡೆದೇ ನಡೆಸಬೇಕೆಂದೂ ವಿಧಿಸಿತು. ಆಮೇಲೆ ಟೆಲಿಫೋನು ಬಂದಿತು, ರೇಡಿಯೋ ಬಂದಿತು, ಅಂತರ್ಜಾಲ ಬಂದಿತು. 'ತಂತಿ' ಎಂಬ ಶಬ್ದದ ವ್ಯಾಖ್ಯೆಯನ್ನು ಹಿಗ್ಗಿಸಿ ಹಿಗ್ಗಿಸಿ ಎಲ್ಲವನ್ನೂ ಅದರೊಳಗೆ ಅಡಕಮಾಡಿದರು. ಅಜ್ಜನ ಅಂಗಿಯನ್ನು ಬಿಚ್ಚಿ ಹೊಲಿದು ಮೊಮ್ಮಗನಿಗೆ ತೊಡಿಸಿದ ಹಾಗೆ, ಹತ್ತೊಂಬತ್ತನೆಯ ಶತಮಾನದ ಶಾಸನವು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಇಪ್ಪತ್ತು ವರ್ಷಗಳಿಗೆ ಮೀರಿ ನಡೆಯಿತು.

ನಿಸ್ತಂತು ಯಂತ್ರಗಳಿಗಾಗಿ ೧೯೩೩ರಲ್ಲಿ ಬೇರೊಂದು ಶಾಸನವಾಯಿತು. ಅದರಂತೆ ರೇಡಿಯೋ ಪೆಟ್ಟಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಾಗಿತ್ತು. ಪೋಸ್ಟಾಫೀಸಿಗೆ ಹೋಗಿ ವರ್ಷವರ್ಷವೂ ಹಣ ಕಟ್ಟಿ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯರಿಗೆ ಗೊತ್ತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ೩೦ ವಾಟ್ ಶಕ್ತಿಯ ಪ್ರಸಾರಯಂತ್ರವನ್ನು ನಡೆಸಿ 'ಆಕಾಶವಾಣಿ' ಎಂಬ ಹೆಸರನ್ನು ರೂಢಿಗೆ ತಂದ ಕಥೆಯನ್ನು ಎಲ್ಲರೂ ಬಲ್ಲರು. ಅದೇ ವರ್ಷದ ಗವರ್ನ್‌ಮೆಂಟ್ ಆಫ್ ಇಂಡಿಯಾ ಶಾಸನದ ೧೨೯ನೆಯ ಪ್ರಕರಣವನ್ನು ಬಲ್ಲವರು ಕಡಿಮೆ. ಒಕ್ಕೂಟಕ್ಕೆ ಸೇರುವ ಸಂಸ್ಥಾನದ ಅರಸರಿಗೂ ಪ್ರಾಂತಗಳಿಗೂ ಪ್ರಸಾರದ ಅಧಿಕಾರವನ್ನು ಕೇಂದ್ರದವರು ಸಕಾರಣವಿಲ್ಲದೆ ನಿರಾಕರಿಸಕೂಡದೆಂದು ಅದರಲ್ಲಿ ಬರೆದಿತ್ತು. ಆ ಒಕ್ಕೂಟವು ಕಾರ್ಯಕ್ಕೆ ಬರಲೇ ಇಲ್ಲ. ಸ್ವತಂತ್ರ ಭಾರತದ ರಾಜ್ಯಾಂಗವಾದರೋ ಟಪಾಲು, ತಂತಿ, ಟೆಲಿಫೋನು, ನಿಸ್ತಂತು, ಪ್ರಸಾರ ಇವೆಲ್ಲವನ್ನೂ ಕೇಂದ್ರಪಟ್ಟಿಯ ೩೧ನೆಯ ನಮೂದಿನಲ್ಲಿ ಇಟ್ಟಿತು. ಗಾಳಿಯಲ್ಲಿ ಸಾಗುವ ಅಲೆಗಳಿಗೆ ಒಡೆಯರು ಯಾರು ಎಂಬುದಕ್ಕೆ ಸುಪ್ರೀಂ ಕೋರ್ಟು ಸ್ಪಷ್ಟವಾದ ಉತ್ತರವನ್ನು ಕೊಟ್ಟುದು ೧೯೯೫ರ ಫೆಬ್ರವರಿಯಲ್ಲಿ, ಕ್ರಿಕೆಟ್ ಆಟದ ಪ್ರಸಾರದಿಂದ ಹುಟ್ಟಿದ ಒಂದು ವ್ಯಾಜ್ಯದಲ್ಲಿ. ಅಲೆಗಳು ಸಾರ್ವಜನಿಕರ ಸ್ವತ್ತು, ಸರ್ಕಾರವು ಅದಕ್ಕೆ ಧರ್ಮದರ್ಶಿ ಮಾತ್ರ ಎಂಬುದು ಆ ತೀರ್ಪಿನ ತಾತ್ಪರ್ಯ.

ಟೆಲಿಫೋನು ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲವನ್ನು ಇಲ್ಲಿ ಬಣ್ಣಿಸುವುದು ಬೇಡ. ಆಗ ಸರ್ಕಾರದ ಇಲಾಖೆಯೇ ಟೆಲಿಫೋನನ್ನು ನಡೆಸುತ್ತಿತ್ತು, ದರವನ್ನೂ ಗೊತ್ತುಮಾಡುತ್ತಿತ್ತು, ದೂರನ್ನೂ ತಾನೇ ಕೇಳುತ್ತಿತ್ತು. ೧೯೯೪ರ ನೀತಿಯಿಂದ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ಮೇಲೆ ಆಟಗಾರನೇ ತೀರ್ಪುಗಾರನಾಗಿರುವುದು ಸರಿಯಲ್ಲವೆಂದು ೧೯೯೭ರಲ್ಲಿ 'ಟ್ರಾಯ್' ಎಂಬ ನಿಯಂತ್ರಣ ಪ್ರಾಧಿಕಾರವನ್ನೂ, ೨೦೦೦ದಲ್ಲಿ ವ್ಯಾಜ್ಯಗಳಿಗೆ ಪ್ರತ್ಯೇಕವಾದ ನ್ಯಾಯಮಂಡಳಿಯನ್ನೂ ಏರ್ಪಡಿಸಿದರು. ಲೈಸೆನ್ಸು ಕೊಡುವ ಅಧಿಕಾರ ಮಾತ್ರ ಇಲಾಖೆಯ ಕೈಯಲ್ಲಿಯೇ ಉಳಿಯಿತು. ೨೦೧೨ರಲ್ಲಿ ೧೨೨ ಲೈಸೆನ್ಸುಗಳನ್ನು ಸುಪ್ರೀಂ ಕೋರ್ಟು ಒಂದೇ ಏಟಿಗೆ ರದ್ದುಮಾಡಿತು. ಅದೇ ಪ್ರಕರಣದಲ್ಲಿ ಕ್ರಿಮಿನಲ್ ಆಪಾದನೆಗೆ ಗುರಿಯಾದವರೆಲ್ಲರನ್ನೂ ವಿಶೇಷ ನ್ಯಾಯಾಲಯವು ೨೦೧೭ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಟ್ರಾಯ್ ಮಾಡಿದ ಒಂದು ಕೆಲಸ ನಮಗೆ ಮೆಚ್ಚುಗೆಯಾಗಿದೆ. ಅಂತರ್ಜಾಲದಲ್ಲಿ ಒಂದು ತಾಣಕ್ಕೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಇರಬಹುದೇ ಎಂದು ಅದು ೨೦೧೫ರಲ್ಲಿ ಜನರನ್ನು ಕೇಳಿದಾಗ ಹತ್ತು ಲಕ್ಷಕ್ಕೂ ಮೀರಿ ಪತ್ರಗಳು ಬಂದವು. ೨೦೧೬ರ ಫೆಬ್ರವರಿ ೮ರಂದು ಅಂತಹ ಭೇದವನ್ನು ಅದು ನಿಷೇಧಿಸಿತು. ಜನರನ್ನು ಕೇಳಿದರೆ ಜನರು ಹೇಳಬಲ್ಲರು. ಕೇಳುವುದೊಂದೇ ಅಪರೂಪ.

ಈಗ ಕಿವಿಯ ವಿಚಾರಕ್ಕೆ ಮರಳೋಣ. ಕರ್ನಾಟಕದವರಾದ ನಮಗೆ ಇದು ದೂರದ ಸಂಗತಿಯಲ್ಲ. ರಾಜಕಾರಣಿಗಳ ಟೆಲಿಫೋನುಗಳನ್ನು ಕದ್ದು ಕೇಳಲಾಯಿತೆಂಬ ಆಪಾದನೆಯೆದ್ದು, ಮುಖ್ಯಮಂತ್ರಿಗಳಾಗಿದ್ದ ಶ್ರೀ ರಾಮಕೃಷ್ಣ ಹೆಗಡೆಯವರು ೧೯೮೮ರಲ್ಲಿ ರಾಜೀನಾಮೆ ಕೊಟ್ಟರು. ದಿಲ್ಲಿಯಲ್ಲಿಯೂ ಇಂತಹ ಕದ್ದಾಲಿಕೆಯ ವಿಷಯವಾಗಿ ಒಂದು ತನಿಖೆಯ ವರದಿ ಹೊರಬಿದ್ದ ಬಳಿಕ ಪ್ರಜೆಗಳ ಹಕ್ಕುಗಳ ಸಂಘವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ೧೯೯೬ರ ಡಿಸೆಂಬರ್ ೧೮ರಂದು ತೀರ್ಪಾಯಿತು. ಮನೆಯಲ್ಲಿಯೋ ಕಚೇರಿಯಲ್ಲಿಯೋ ಕುಳಿತು ಟೆಲಿಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬಾಳಿಗೆ ಸೇರಿದುದು. ಕಾನೂನಿನ ಕ್ರಮವಿಲ್ಲದೆ ಅದನ್ನು ಕದ್ದು ಕೇಳುವುದು ಜೀವಸ್ವಾತಂತ್ರ್ಯದ ಹಕ್ಕಿಗೆ ಭಂಗವೆಂದು ನ್ಯಾಯಾಲಯವು ಸಾರಿತು. ಆಗ ಬಯಲಿಗೆ ಬಂದ ಒಂದು ಅಂಶವು ಚಿಂತಿಸತಕ್ಕುದು. ಈ ಅಧಿಕಾರವನ್ನು ಯಾರು, ಹೇಗೆ, ಎಷ್ಟು ದಿನ ನಡೆಸಬೇಕೆಂಬ ಬಗ್ಗೆ ನಿಯಮಗಳನ್ನು ಮಾಡಲು ಶಾಸನವೇ ಅವಕಾಶ ಕೊಟ್ಟಿದ್ದಿತು. ನೂರಹನ್ನೊಂದು ವರ್ಷಗಳು ಕಳೆದರೂ ಆ ನಿಯಮಗಳನ್ನು ಯಾರೂ ಮಾಡಿರಲಿಲ್ಲ! ಆಂಗ್ಲರಿಗೆ ಬೇಕಿರಲಿಲ್ಲ, ನಮ್ಮವರಿಗೂ ಅವಸರವಿರಲಿಲ್ಲ.

ಆದಕಾರಣ ನ್ಯಾಯಾಲಯವೇ ಕಟ್ಟಳೆಗಳನ್ನು ವಿಧಿಸಬೇಕಾಯಿತು. ಕದ್ದಾಲಿಕೆಗೆ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ಅಪ್ಪಣೆ ಕೊಡಬೇಕು; ತುರ್ತು ಸಂದರ್ಭದಲ್ಲಿ ಮಾತ್ರ ಗೊತ್ತಾದ ಅಂತಸ್ತಿಗೆ ಕಡಿಮೆಯಿಲ್ಲದ ಬೇರೆ ಅಧಿಕಾರಿಗೆ ಆ ಕೆಲಸವನ್ನು ವಹಿಸಬಹುದು. ಅಪ್ಪಣೆಯು ಎರಡು ತಿಂಗಳು ನಡೆಯತಕ್ಕದ್ದು, ಮುಂದುವರಿಸಿದರೂ ಒಟ್ಟು ಆರು ತಿಂಗಳನ್ನು ಮೀರಕೂಡದು. ಹಿರಿಯ ಅಧಿಕಾರಿಗಳ ಒಂದು ಪುನರ್ವಿಮರ್ಶೆಯ ಸಮಿತಿಯು ಎರಡು ತಿಂಗಳೊಳಗೆ ಅದನ್ನು ಪರಿಶೀಲಿಸಿ, ತಪ್ಪೆಂದು ಕಂಡರೆ ರದ್ದುಮಾಡಬೇಕು. ಈ ಕಟ್ಟಳೆಗಳನ್ನು ನಿಯಮಗಳ ಪುಸ್ತಕದಲ್ಲಿ ಸರಿಯಾಗಿ ಬರೆಯುವುದಕ್ಕೆ ೨೦೦೭ ಬಂದಿತು. ಆದರೆ ಕೇಳುವವನೂ ಸರ್ಕಾರದ ಅಧಿಕಾರಿ, ಅಪ್ಪಣೆ ಕೊಡುವವನೂ ಅಧಿಕಾರಿ, ಪುನರ್ವಿಮರ್ಶಿಸುವವನೂ ಅಧಿಕಾರಿ. ನ್ಯಾಯಾಧೀಶರ ಮುಂಗಡ ಒಪ್ಪಿಗೆ ಬೇಕೆಂಬ ಕೋರಿಕೆಯನ್ನು, ಶಾಸನದಲ್ಲಿ ಹಾಗಿಲ್ಲವೆಂಬ ಕಾರಣದಿಂದ, ನ್ಯಾಯಾಲಯವು ಒಪ್ಪಲಿಲ್ಲ.

ಸಮಿತಿಯು ಹೇಗೆ ಕೆಲಸಮಾಡುತ್ತದೆ? ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿಯು ೨೦೧೮ರಲ್ಲಿ ಒಪ್ಪಿಸಿದ ವರದಿಯಲ್ಲಿ, ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಹೊರಬಿದ್ದ ಲೆಕ್ಕವನ್ನು ಎತ್ತಿ ಹೇಳಿದೆ. ಕೇಂದ್ರ ಸರ್ಕಾರವೊಂದೇ ತಿಂಗಳಿಗೆ ೭,೫೦೦ರಿಂದ ೯,೦೦೦ದವರೆಗೆ ಇಂತಹ ಅಪ್ಪಣೆಗಳನ್ನು ಹೊರಡಿಸುತ್ತಿತ್ತು. ಎರಡು ತಿಂಗಳಿಗೊಮ್ಮೆ ಕೂಡುವ ಸಮಿತಿಯ ಮುಂದೆ ಹೀಗೆ ೧೫,೦೦೦ದಿಂದ ೧೮,೦೦೦ ಅಪ್ಪಣೆಗಳು ಬಂದು ಬೀಳಬೇಕು. ಕೂಡಿಸಿ ಕಳೆಯುವುದನ್ನು ಕಲಿತ ಯಾವ ಹುಡುಗನಾದರೂ ಮುಂದಿನ ಲೆಕ್ಕವನ್ನು ಮಾಡಬಲ್ಲನು. ಸಮಿತಿಯವರು ಎಂಟು ಗಂಟೆಗಳ ಕಾಲ ಕಾಫಿಗೂ ಏಳದೆ ಕುಳಿತರೆ ೨೮,೮೦೦ ಸೆಕೆಂಡುಗಳು. ಒಂದೊಂದು ಅಪ್ಪಣೆಗೆ ಎರಡು ಸೆಕೆಂಡುಗಳೂ ದೊರೆಯವು. ಕಾಗದದ ಮೇಲಿನ ಹೆಸರನ್ನು ಓದುವುದಕ್ಕೂ ಅಷ್ಟು ಸಾಲದು. ಆ ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾವು ಸಂದೇಹಿಸುತ್ತಿಲ್ಲ. ಹೊರಲಾರದ ಹೊರೆಯನ್ನು ಹೊರಿಸಿ 'ಕಾವಲಿದೆ' ಎಂದು ಜನರಿಗೆ ಹೇಳುವುದು ಸರಿಯೇ ಎಂದು ಕೇಳುತ್ತಿದ್ದೇವೆ.

ಸರ್ಕಾರದ ಪಕ್ಷದಲ್ಲಿ ಹೇಳಬೇಕಾದುದೂ ಬೇಕಾದಷ್ಟಿದೆ. ಮಗುವನ್ನು ಕದ್ದೊಯ್ದವನು ಟೆಲಿಫೋನಿನಲ್ಲಿಯೇ ಹಣ ಕೇಳುತ್ತಾನೆ. ಬಾಂಬು ಇಡುವವರೂ ಮಾತನಾಡಿಕೊಂಡೇ ಇಡುತ್ತಾರೆ. ಪೋಲೀಸರಂತೆ ನಟಿಸಿ, ನಿಮ್ಮನ್ನು ಬಂಧಿಸಿದ್ದೇವೆಂದು ಹೆದರಿಸಿ, ಪಿಂಚಣಿದಾರರ ಜೀವಮಾನದ ಉಳಿತಾಯವನ್ನು ದೋಚುವ ಮೋಸಗಾರರ ಸುದ್ದಿ ದಿನವೂ ಪತ್ರಿಕೆಗಳಲ್ಲಿದೆ. ಇವರ ಬೆನ್ನು ಹತ್ತಬೇಕಾದ ಪೋಲೀಸಿನವನ ಕೈಗಳನ್ನು ಕಟ್ಟಿಹಾಕಬೇಕೆಂದು ಬುದ್ಧಿಯುಳ್ಳವರು ಯಾರೂ ಹೇಳರು. ನ್ಯಾಯಾಧೀಶರ ಬಳಿಗೆ ಹೋಗುವಷ್ಟರಲ್ಲಿ ಕಳ್ಳನು ಗಡಿ ದಾಟಿರುತ್ತಾನೆ ಎನ್ನುವುದು ಅಧಿಕಾರಿಗಳ ವಾದ. ಆದರೆ ಈ ತೊಡಕನ್ನು ಬೇರೆಯವರು ಬಿಡಿಸಿಕೊಂಡಿದ್ದಾರೆ. ನಮಗೆ ಈ ಶಾಸನವನ್ನು ಬಿಟ್ಟುಹೋದ ಬ್ರಿಟಿಷರೇ ತಮ್ಮ ದೇಶದಲ್ಲಿ ೨೦೧೬ರಲ್ಲಿ ಕಾನೂನನ್ನು ತಿದ್ದಿ, ಮಂತ್ರಿಯ ಅಪ್ಪಣೆಗೆ ನ್ಯಾಯಾಧಿಕಾರಿಯೊಬ್ಬನ ಒಪ್ಪಿಗೆಯೂ ಬೇಕೆಂದು ಗೊತ್ತುಮಾಡಿದರು. ತುರ್ತಾದರೆ ಮೊದಲು ಕೇಳಬಹುದು. ಮೂರು ಕೆಲಸದ ದಿನಗಳೊಳಗೆ ಆ ಒಪ್ಪಿಗೆ ದೊರೆಯದಿದ್ದರೆ ನಿಲ್ಲಿಸಬೇಕು. ಅಮೆರಿಕೆಯಲ್ಲಿ ೧೯೬೮ರಿಂದಲೂ ಅಪರಾಧದ ತನಿಖೆಗೆ ನ್ಯಾಯಾಲಯದ ಆಜ್ಞೆ ಬೇಕು. ಅಲ್ಲಿಯೂ ತಪ್ಪುಗಳಾಗಿಲ್ಲವೆಂದಲ್ಲ. ಆದರೆ ತಪ್ಪನ್ನು ಕಾಣಬಲ್ಲ ಹೊರಗಿನ ಕಣ್ಣೊಂದು ಅಲ್ಲಿದೆ.

೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ ಖಾಸಗಿತನವು ಮೂಲಭೂತವಾದ ಹಕ್ಕೆಂದು ತೀರ್ಪಿತ್ತರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಏರ್ಪಾಡನ್ನು ಪ್ರಶ್ನಿಸಿ ೨೦೧೨ರಲ್ಲಿ ಅವರು ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ವರ್ಷ ದಾಟಿತ್ತು, ೨೦೨೪ರಲ್ಲಿ ತೀರಿಕೊಂಡರು. ಮೊಮ್ಮಕ್ಕಳೊಡನೆ ಆರಾಮವಾಗಿ ಕೂರಬೇಕಾದ ವಯಸ್ಸಿನಲ್ಲಿ ದೇಶದ ದೊಡ್ಡ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಆ ವೃದ್ಧರ ಹೆಸರನ್ನು ನಮ್ಮ ಶಾಲೆಯ ಮಕ್ಕಳು ಅರಿಯರೆಂಬುದು ನಮಗೆ ವ್ಯಸನದ ಸಂಗತಿ. ಹಕ್ಕಿಗೆ ಅಡ್ಡಿಮಾಡಬೇಕಾದರೆ ಶಾಸನವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಅಡ್ಡಿಯು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂದಿತು.

ಕೇಳುವುದು ಒಂದು ಬಗೆಯಾದರೆ, ಬಾಯಿ ಮುಚ್ಚಿಸುವುದು ಇನ್ನೊಂದು ಬಗೆ. ಗಲಭೆಯಾಗುವುದೆಂಬ ಶಂಕೆ ಬಂದೊಡನೆ ಅಂತರ್ಜಾಲವನ್ನು ನಿಲ್ಲಿಸಿಬಿಡುವ ಪದ್ಧತಿಯು ನಮ್ಮ ದೇಶದಲ್ಲಿ ಬಲವಾಗಿ ಬೇರೂರಿದೆ. ರಾಜಸ್ಥಾನದಲ್ಲಿ ನೌಕರಿಯ ಪರೀಕ್ಷೆಯಲ್ಲಿ ನಕಲು ನಡೆಯದಿರಲೆಂದೂ ನಿಲ್ಲಿಸಿದ್ದುಂಟು. ಒಂದು ಕೊಠಡಿಯ ಕಳ್ಳತನಕ್ಕೆ ಜಿಲ್ಲೆಗೆಲ್ಲ ಬೀಗ! ಜಮ್ಮು ಕಾಶ್ಮೀರದಲ್ಲಿ ೨೦೧೯ರ ಆಗಸ್ಟ್ ೪ರ ರಾತ್ರಿ ಟೆಲಿಫೋನೂ ಅಂತರ್ಜಾಲವೂ ಒಟ್ಟಿಗೆ ನಿಂತವು; ವೇಗದ ಅಂತರ್ಜಾಲವು ಎಲ್ಲೆಡೆಯೂ ಮರಳಿದುದು ೨೦೨೧ರ ಫೆಬ್ರವರಿಯಲ್ಲಿ. ಮಣಿಪುರದಲ್ಲಿ ೨೦೨೩ರ ಮೇ ತಿಂಗಳಿಂದ ತಿಂಗಳುಗಟ್ಟಲೆ ಹೀಗೆಯೇ ಆಯಿತು. ಊರಲ್ಲಿರುವ ತಾಯಿಗೆ ಮಗಳ ಕ್ಷೇಮ ತಿಳಿಯದು, ಅಂಗಡಿಯವನಿಗೆ ಹಣ ಬಾರದು, ಆಸ್ಪತ್ರೆಯ ವೈದ್ಯನಿಗೆ ಸಲಹೆ ದೊರೆಯದು. ಇಂದು ಇದು ರಸ್ತೆಯನ್ನು ಅಗೆದುಹಾಕಿದಂತೆಯೇ ಸರಿ.

ಪತ್ರಿಕಾಸಂಪಾದಕಿಯಾದ ಅನುರಾಧಾ ಭಸೀನರು ತಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೨೦ರ ಜನವರಿ ೧೦ರಂದು, ಗೊತ್ತಾದ ಅವಧಿಯಿಲ್ಲದೆ ಅಂತರ್ಜಾಲವನ್ನು ನಿಲ್ಲಿಸತಕ್ಕುದಲ್ಲ, ಅಂತಹ ಅಪ್ಪಣೆಗಳನ್ನು ಕಾರಣಸಹಿತವಾಗಿ ಪ್ರಕಟಿಸಬೇಕು ಎಂದಿತು. ಆ ವರ್ಷವೇ ಒಂದು ಅಪ್ಪಣೆಯ ಆಯುಸ್ಸನ್ನು ಹದಿನೈದು ದಿನಗಳಿಗೆ ಕಟ್ಟಿದರು. ಆದರೆ ಹದಿನೈದು ದಿನ ಮುಗಿದ ಮರುದಿನ ಹೊಸದೊಂದು ಅಪ್ಪಣೆ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇದಕ್ಕಿಂತಲೂ ಆಶ್ಚರ್ಯವಾದುದು ೨೦೨೧ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯು ಒಪ್ಪಿಸಿದ ವರದಿ. ದೇಶದಲ್ಲಿ ಎಷ್ಟು ಸಲ, ಎಲ್ಲೆಲ್ಲಿ ಅಂತರ್ಜಾಲವನ್ನು ನಿಲ್ಲಿಸಲಾಯಿತೆಂಬ ದಾಖಲೆಯನ್ನು ದೂರಸಂಪರ್ಕ ಇಲಾಖೆಯಾಗಲಿ ಗೃಹ ಇಲಾಖೆಯಾಗಲಿ ಇಟ್ಟಿರಲೇ ಇಲ್ಲ! ಅಕ್ಕಿಯ ಮೂಟೆಗೂ ಲೆಕ್ಕವಿಡುವ ಸರ್ಕಾರವು ಇದಕ್ಕೆ ಲೆಕ್ಕವಿಡಲಿಲ್ಲ. ಲೆಕ್ಕವಿಲ್ಲದ ಮೇಲೆ, ನಿಲ್ಲಿಸಿದುದರಿಂದ ಗಲಭೆಯು ನಿಂತಿತೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು?

ಹಳೆಯ ಶಾಸನದ ಸ್ಥಳಕ್ಕೆ ೨೦೨೩ರ ಡಿಸೆಂಬರಿನಲ್ಲಿ ಹೊಸ ದೂರಸಂಪರ್ಕ ಶಾಸನವು ಅಂಗೀಕೃತವಾಯಿತು. ಆ ದಿನಗಳಲ್ಲಿ ಎರಡು ಸಭೆಗಳಿಂದಲೂ ನೂರಕ್ಕೂ ಹೆಚ್ಚು ಮಂದಿ ವಿರೋಧಪಕ್ಷದ ಸದಸ್ಯರು ಅಮಾನತಾಗಿದ್ದರು. ನೂರಮೂವತ್ತೆಂಟು ವರ್ಷಗಳಿಗೊಮ್ಮೆ ಬಂದ ಅವಕಾಶವು ಚರ್ಚೆಯಿಲ್ಲದ ಬೆಂಚುಗಳ ಮುಂದೆ ಕಳೆದುಹೋಯಿತು. ಇದರ ೨೦ನೆಯ ಪ್ರಕರಣವನ್ನು ಓದಿದವರಿಗೆ ಅಜ್ಜನ ಮುಖವೇ ಕಾಣುತ್ತದೆ. 'ಸಾರ್ವಜನಿಕ ವಿಪತ್ತು', 'ಸಾರ್ವಜನಿಕ ಕ್ಷೇಮ' ಎಂಬ ಹಳೆಯ ಮಾತುಗಳೇ ಅಲ್ಲಿವೆ. ಸಮಾಚಾರವನ್ನು ಅರ್ಥವಾಗುವ ರೂಪದಲ್ಲಿ ಒಪ್ಪಿಸಬೇಕೆಂಬ ಮಾತು ಹೊಸದಾಗಿ ಸೇರಿದೆ. 'ಸಂದೇಶ' ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಬರಹ, ಚಿತ್ರ, ಶಬ್ದ, ಚಲಚ್ಚಿತ್ರ ಎಲ್ಲವೂ ಅಡಗಿವೆ. ವಾಟ್ಸಾಪಿನಂತಹವು ಇದರೊಳಗೆ ಬಾರವೆಂದು ಮಂತ್ರಿಗಳು ಹೇಳಿದರು. ಒಳ್ಳೆಯದು. ಆದರೆ ನ್ಯಾಯಾಲಯದಲ್ಲಿ ಓದುವುದು ಶಾಸನದ ಅಕ್ಷರವನ್ನು, ಮಂತ್ರಿಯ ಹೇಳಿಕೆಯನ್ನಲ್ಲ, ಮಂತ್ರಿಗಳು ಬದಲಾಗುತ್ತಾರೆ.

ಜನರು ಎದ್ದು ಕೇಳಿದರೆ ಸರ್ಕಾರವು ಕಿವಿಗೊಡುವುದೂ ಉಂಟು. ೨೦೨೫ರ ನವೆಂಬರಿನ ಕೊನೆಯಲ್ಲಿ, ಮಾರಾಟಕ್ಕೆ ಬರುವ ಪ್ರತಿಯೊಂದು ಹೊಸ ಮೊಬೈಲಿನಲ್ಲಿಯೂ 'ಸಂಚಾರ್ ಸಾಥಿ' ಎಂಬ ಸರ್ಕಾರಿ ಆ್ಯಪನ್ನು ಮೊದಲೇ ಸೇರಿಸಿರಬೇಕೆಂದು ತಯಾರಕರಿಗೆ ಅಪ್ಪಣೆ ಹೋಗಿತ್ತು. ಕಳುವಾದ ಟೆಲಿಫೋನನ್ನು ಹುಡುಕುವುದಕ್ಕೂ ಮೋಸವನ್ನು ತಡೆಯುವುದಕ್ಕೂ ಅದು ಉಪಯೋಗವೇ. ಬೇಕಾದವರು ಹಾಕಿಕೊಳ್ಳುವುದು ಬೇರೆ, ಎಲ್ಲರ ಮನೆಯೊಳಗೂ ಒಬ್ಬ ಕಾವಲುಗಾರನನ್ನು ಕೂರಿಸುವುದು ಬೇರೆ ಎಂದು ನಾಲ್ಕು ದಿಕ್ಕಿನಿಂದಲೂ ಕೂಗೆದ್ದಿತು. ಡಿಸೆಂಬರಿನ ಮೊದಲ ವಾರದಲ್ಲಿಯೇ ಆ ಬಲವಂತವನ್ನು ಹಿಂತೆಗೆದುಕೊಂಡರು. ಈ ಅಪ್ಪಣೆಯು ಪತ್ರಿಕೆಗಳಿಗೆ ಸಿಕ್ಕಿತು, ಆದುದರಿಂದ ಜನರಿಗೆ ತಿಳಿಯಿತು, ಆದುದರಿಂದ ಕೂಗೆದ್ದಿತು.

ಕದ್ದಾಲಿಕೆಯ ಅಪ್ಪಣೆಗಾದರೋ ಆ ದಾರಿಯೇ ಇಲ್ಲ. ೨೦೨೪ರ ಡಿಸೆಂಬರಿನಲ್ಲಿ ಹೊಸ ಶಾಸನದಡಿ ಬಂದ ನಿಯಮಗಳಲ್ಲಿಯೂ ಅಪ್ಪಣೆ ಕೊಡುವವರು ಕಾರ್ಯದರ್ಶಿಗಳೇ, ಪರಿಶೀಲಿಸುವವರೂ ಕಾರ್ಯದರ್ಶಿಗಳೇ. ಯಾರ ಮಾತನ್ನು ಕೇಳಲಾಯಿತೋ ಅವನಿಗೆ ಆಗಲಾಗಲಿ ಆಮೇಲಾಗಲಿ ತಿಳಿಸಬೇಕೆಂಬ ಕಟ್ಟಳೆ ಇಲ್ಲ. ತಪ್ಪಾಗಿ ಕೇಳಿದ್ದರೂ, ಹೆಸರು ಅದಲುಬದಲಾಗಿ ಕೇಳಿದ್ದರೂ, ನಿರಪರಾಧಿಯೆಂದು ಗೊತ್ತಾಗಿ ಬಿಟ್ಟಿದ್ದರೂ ಅವನಿಗೆ ಗೊತ್ತಾಗದು. ಗೊತ್ತಿಲ್ಲದವನು ಯಾವ ನ್ಯಾಯಾಲಯಕ್ಕೆ ಯಾವ ದೂರನ್ನು ಕೊಂಡೊಯ್ದಾನು? ಕೆಲಸಕ್ಕೆ ಬೇಕಾದವನ್ನುಳಿದು ಮಿಕ್ಕ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಮಾಡತಕ್ಕದ್ದೆಂದಿದೆ. ಖಾಸಗಿ ಮಾತು ಕಡತದಲ್ಲಿ ಉಳಿಯದಿರಲೆಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಬರೆದಿರಬಹುದು. ಆದರೆ ಮಾತಿನೊಡನೆ ಅಪ್ಪಣೆಯ ಕಾಗದವೂ ಸುಟ್ಟುಹೋಗುತ್ತದೆ. ಪುನರ್ವಿಮರ್ಶೆಯ ಸಮಿತಿಯು ಎರಡು ತಿಂಗಳಿಗೊಮ್ಮೆ ಎಂದಿನಂತೆ ಕೂಡುತ್ತದೆ.